ಒಂದೇ ತಲೆಗೆ ನಾಲ್ಕು ರೇಟು: ಹೇರ್ ಟ್ರಾನ್ಸ್‌ಪ್ಲಾಂಟ್ ಖರ್ಚನ್ನ ಹೋಲಿಸೋದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನಂಗೆ 31 ವರ್ಷ. ಕೂದ್ಲು ಉದುರೋಕೆ ಶುರುವಾಗಿದ್ದು 24ಕ್ಕೆ. ಈಗ ಹಣೆ ಎರಡೂ ಕಡೆ ಒಳಗೆ ಹೋಗಿದೆ, ಮಧ್ಯದಲ್ಲಿ ಒಂದಿಷ್ಟು ಉಳ್ಕೊಂಡಿದೆ, ನೆತ್ತಿ ಮೇಲೂ ಬಿಲ್ಲೆಯಷ್ಟಗಲ ತೆಳ್ಳಗಾಗ್ತಾ ಇದೆ. ಅಪ್ಪಂಗೆ ಪೂರ್ತಿ ಬೊಕ್ಕತಲೆ. ಮಿನಾಕ್ಸಿಡಿಲ್ ಮೂರು ತಿಂಗಳು ಹಚ್ಚಿ, ಏನೂ ಆಗ್ಲಿಲ್ಲ ಅಂತ ಬಿಟ್ಟೆ. ಟ್ರಾನ್ಸ್‌ಪ್ಲಾಂಟ್‌ಗೆ ನಾಲ್ಕು ಕಡೆ ವಿಚಾರಿಸ್ದೆ. ಹೋಲಿಸೋಕೆ ಸುಲಭ ಆಗ್ಲಿ ಅಂತ ಮೊದಲನೆಯವರ ರೇಟನ್ನ 100 ಅಂತ ಇಟ್ಕೊಂಡು ಬರೀತಿದೀನಿ. ಮೊದಲನೆಯವರು ಎಫ್‌ಯುಟಿ ಅನ್ನೋ ವಿಧಾನ, 2,500 ಗ್ರಾಫ್ಟ್, 100. ಎರಡನೆಯವರು ಎಫ್‌ಯುಇ, ಅಷ್ಟೇ ಗ್ರಾಫ್ಟ್, 140. ಮೂರನೆಯವರು ಡಿಎಚ್‌ಐ, 5,000 ಹೇರ್, 200, ಇದು ಲೇಟೆಸ್ಟ್, ಗಾಯದ ಗುರುತೇ ಇರಲ್ಲ ಅಂತಾರೆ. ನಾಲ್ಕನೆಯವರದ್ದು ಪ್ಯಾಕೇಜು, ಒಂದೇ ದಿನ 5,000 ಗ್ರಾಫ್ಟ್, ಪಿಆರ್‌ಪಿ ಇಂಜೆಕ್ಷನ್ ಫ್ರೀ, ಬರೀ 75. ಕೆಲಸ ಒಂದೇ ಅಂದ್ಮೇಲೆ ಇಷ್ಟು ವ್ಯತ್ಯಾಸ ಯಾಕೆ? ಎಫ್‌ಯುಟಿ ಅಂದ್ರೆ ತಲೆ ಹಿಂದೆ ಉದ್ದಕ್ಕೆ ಕುಯ್ತಾರಂತೆ, ಭಯ ಆಗುತ್ತೆ. ಜಾಸ್ತಿ ಕೊಟ್ಟು ಡಿಎಚ್‌ಐ ಮಾಡಿಸ್ಲಾ, ಇಲ್ಲ ಪ್ಯಾಕೇಜ್ ತಗೊಳ್ಲಾ? ಇನ್ನು ಆರು ತಿಂಗಳಿಗೆ ಮದುವೆ, ಅಷ್ಟರೊಳಗೆ ಕೂದ್ಲು ಬಂದಿರ್ಬೇಕು.

ಉತ್ತರ:

ದುಡ್ಡಿನ ಜೊತೆ ಎಣಿಕೆನೂ ಬರ್ದು ಕಳ್ಸಿದೀರಲ್ಲ, ಅದೇ ದೊಡ್ಡ ಉಪಕಾರ ಆಯ್ತು, ಯಾಕಂದ್ರೆ ನಂಗೆ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು "ಡಾಕ್ಟ್ರೇ ಟೋಟಲ್ ಎಷ್ಟಾಗುತ್ತೆ" ಅನ್ನೋದಷ್ಟೇ ಇರುತ್ತೆ, ಅದಕ್ಕೆ ಉತ್ತರ ಹೇಳೋಕೆ ಯಾರಿಗೂ ಆಗಲ್ಲ. ನಿಮ್ಮ ಕಾಗದದಲ್ಲೇ ಒಂದು ಮೋಸ ಅಡಗಿದೆ, ಅದನ್ನ ಮೊದ್ಲು ಹೇಳ್ಬಿಡ್ತೀನಿ. ಮೂರನೆಯವರು ಹೇಳಿದ್ದು 5,000 ಹೇರ್. ಉಳಿದವರು ಹೇಳಿದ್ದು ಗ್ರಾಫ್ಟ್. ಎರಡೂ ಒಂದೇ ಅಲ್ಲ. ನಮ್ಮ ತಲೆಯಲ್ಲಿ ಕೂದ್ಲು ಒಂಟಿ ಒಂಟಿಯಾಗಿ ಹುಟ್ಟಲ್ಲ, ಒಂದು, ಎರಡು, ಮೂರು, ಅಪರೂಪಕ್ಕೆ ನಾಲ್ಕು ಸೇರ್ಕೊಂಡು ಒಂದೊಂದು ಗೊಂಚಲಾಗಿ ಹೊರಗೆ ಬರುತ್ತೆ. ಆ ಗೊಂಚಲನ್ನ ಬೇರು ಸಮೇತ ತೆಗೆದ್ರೆ ಅದು ಒಂದು ಗ್ರಾಫ್ಟ್. ಸರಾಸರಿ ಒಂದು ಗ್ರಾಫ್ಟಲ್ಲಿ ಎರಡಕ್ಕಿಂತ ಚೂರು ಜಾಸ್ತಿ ಕೂದ್ಲು ಇರುತ್ತೆ. ಹಾಗಾಗಿ 5,000 ಹೇರ್ ಅಂದ್ರೆ ಹೆಚ್ಚುಕಮ್ಮಿ 2,300 ಗ್ರಾಫ್ಟು ಅಷ್ಟೇ. ಅವರು ನಿಮಗೆ ಎರಡನೆಯವರಿಗಿಂತ ಕಮ್ಮಿ ಕೆಲಸ ಮಾಡಿ ಜಾಸ್ತಿ ದುಡ್ಡು ಕೇಳ್ತಾ ಇದಾರೆ, ಆದ್ರೆ ಕೇಳೋಕೆ ಡಬಲ್ ಥರ ಕೇಳ್ಸುತ್ತೆ.

ಈಗ ನಾಲ್ಕನ್ನೂ ಒಂದೇ ಅಳತೆಗೆ ತರೋಣ. ಪ್ರತಿ ನೂರು ಗ್ರಾಫ್ಟಿಗೆ ಮೊದಲನೆಯವರದ್ದು 4, ಎರಡನೆಯವರದ್ದು 5.6, ಮೂರನೆಯವರದ್ದು 8.7ರ ಹತ್ರ, ನಾಲ್ಕನೆಯವರದ್ದು 1.5. ಎಫ್‌ಯುಟಿಗಿಂತ ಎಫ್‌ಯುಇ ದುಬಾರಿ, ಅದಕ್ಕಿಂತ ಡಿಎಚ್‌ಐ, ಅಂದ್ರೆ ಪೆನ್ನಿನಂಥ ಸಾಧನದಿಂದ ನೆಡೋದು ದುಬಾರಿ, ಈ ಕ್ರಮ ಸಾಮಾನ್ಯವಾಗಿ ಎಲ್ಲಾ ಕಡೆ ಹೀಗೇ ಇರುತ್ತೆ, ಅದರಲ್ಲಿ ಆಶ್ಚರ್ಯ ಇಲ್ಲ. ಆಶ್ಚರ್ಯ ಪಡಬೇಕಾಗಿರೋದು ಆ 1.5 ನೋಡಿ. ಅದಕ್ಕೆ ಆಮೇಲೆ ಬರ್ತೀನಿ.

ಮೊದ್ಲು ಯಾಕೆ ರೇಟು ಬೇರೆ ಬೇರೆ ಅಂತ. ಈ ಆಪರೇಷನ್ನಲ್ಲಿ ಔಷಧಿ, ಬ್ಲೇಡು, ಸೂಜಿ ಇವುಗಳ ಪಾಲು ದೊಡ್ಡದಲ್ಲ. ನೀವು ದುಡ್ಡು ಕೊಡ್ತಿರೋದು ಪಳಗಿದ ಕೈಗಳಿಗೆ, ಆ ಕೈಗಳು ನಿಮ್ಮ ತಲೆ ಮೇಲೆ ಕಳೆಯೋ ಗಂಟೆಗಳಿಗೆ. ಡಾಕ್ಟ್ರು ಒಬ್ರು, ಟೆಕ್ನಿಷಿಯನ್ನುಗಳು ಮೂರೋ ನಾಲ್ಕೋ ಜನ, ಇಡೀ ದಿನ. ಕೈ ಎಷ್ಟು, ಗಂಟೆ ಎಷ್ಟು ಅನ್ನೋದು ಒಂದೊಂದು ವಿಧಾನಕ್ಕೆ ಒಂದೊಂದು ಥರ, ಹಾಗಾಗಿ ರೇಟೂ ಒಂದೊಂದು ಥರ.

ಎಫ್‌ಯುಟಿಯಲ್ಲಿ ತಲೆ ಹಿಂಭಾಗದಿಂದ ಒಂದು ಪಟ್ಟಿ ಚರ್ಮ ತೆಗೀತಾರೆ. ಅಗಲ ಒಂದರಿಂದ ಒಂದೂವರೆ ಸೆಂಟಿಮೀಟರು, 2,500 ಗ್ರಾಫ್ಟು ಬೇಕು ಅಂದ್ರೆ ಉದ್ದ ಸುಮಾರು 25 ಸೆಂಟಿಮೀಟರು. ಅಂಚು ಸೇರಿಸಿ ಹೊಲಿಗೆ ಹಾಕ್ತಾರೆ. ಅಲ್ಲಿಗೆ ಡಾಕ್ಟ್ರ ಕತ್ತರಿಸೋ ಕೆಲಸ ಮುಗೀತು, ಒಂದೂವರೆ ಎರಡು ಗಂಟೆ. ಆಮೇಲೆ ಆ ಪಟ್ಟಿನ ಟೆಕ್ನಿಷಿಯನ್ನುಗಳು ಮೈಕ್ರೋಸ್ಕೋಪ್ ಕೆಳಗೆ ಇಟ್ಕೊಂಡು ಗೊಂಚಲು ಗೊಂಚಲಾಗಿ ಬಿಡಿಸ್ತಾರೆ. ಬೇರು ಕಣ್ಣಿಗೆ ಕಾಣ್ತಾ ಇರುತ್ತೆ, ಹಾಗಾಗಿ ಬೇರು ತುಂಡಾಗೋದು ಕಮ್ಮಿ, ಸುತ್ತ ಒಂಚೂರು ಕೊಬ್ಬು ಉಳ್ಕೊಂಡಿರುತ್ತೆ, ಅದು ಗ್ರಾಫ್ಟನ್ನ ಒಣಗದ ಹಾಗೆ ಕಾಪಾಡುತ್ತೆ. ದುಡ್ಡು ಕಮ್ಮಿ ಆಗೋದು ಇದಕ್ಕೆ, ಕಳಪೆ ಅಂತ ಅಲ್ಲ. ಇದರ ಬೆಲೆ ಬೇರೆ ಥರ ಕಟ್ಬೇಕು: ಉದ್ದ ಗೆರೆ ಉಳಿಯುತ್ತೆ, ಹತ್ತು ದಿನ ತಲೆ ಹಿಂದೆ ಬಿಗಿತ ಇರುತ್ತೆ, ಹೊಲಿಗೆ ತೆಗೆಸ್ಕೋಬೇಕು, ಕೆಲವರಿಗೆ ಆ ಗೆರೆ ಅಗಲ ಆಗುತ್ತೆ. ಕೂದ್ಲು ಎರಡು ಸೆಂಟಿಮೀಟರು ಬಿಡೋರಾದ್ರೆ ಅದು ಯಾರಿಗೂ ಕಾಣಲ್ಲ. ಮೆಷಿನ್ ಹಾಕಿ ಸಣ್ಣಗೆ ಕತ್ತರಿಸ್ಕೊಳ್ಳೋ ಅಭ್ಯಾಸ ಇದ್ರೆ ಕಾಣುತ್ತೆ, ಅಂಥವರು ಮಾಡಿಸ್ಕೋಬಾರ್ದು, ಅಷ್ಟೇ ವಿಷಯ.

ಎಫ್‌ಯುಇಯಲ್ಲಿ ಪಟ್ಟಿ ತೆಗೆಯಲ್ಲ. 0.8ರಿಂದ 1 ಮಿಲಿಮೀಟರ್ ಅಗಲದ ಕೊಳವೆ ಥರದ ಪಂಚಿಂದ ಒಂದೊಂದೇ ಗೊಂಚಲಿನ ಸುತ್ತ ಕತ್ತರಿಸಿ, ಚಿಮಟದಲ್ಲಿ ಎಳ್ದು ತೆಗೀತಾರೆ. ಚರ್ಮದ ಒಳಗೆ ಬೇರು ಯಾವ ಕಡೆ ಬಾಗಿದೆ ಅಂತ ಮೇಲಿಂದ ಕಾಣಲ್ಲ, ಕೈ ಅಂದಾಜಲ್ಲೇ ಕೋನ ಹಿಡೀಬೇಕು. ಸ್ವಲ್ಪ ತಪ್ಪಿದ್ರೆ ಬೇರು ಕಟ್. ಇದೇ ಕೆಲಸನ 2,500 ಸಲ ಮಾಡ್ಬೇಕು, ಮಾಡ್ತಾ ಮಾಡ್ತಾ ಕೈಯೂ ಸೋಲುತ್ತೆ, ಕಣ್ಣೂ ಸೋಲುತ್ತೆ. ಅದಕ್ಕೇ 140.

"ಗಾಯದ ಗುರುತೇ ಇರಲ್ಲ" ಅಂತ ನಿಮಗೆ ಹೇಳಿದ್ರಲ್ಲ, ಅದು ಸುಳ್ಳು. ಗುರುತು ಇದ್ದೇ ಇರುತ್ತೆ, ಉದ್ದ ಗೆರೆ ಬದ್ಲು ಸಾವಿರಾರು ಸಣ್ಣ ಬಿಳಿ ಚುಕ್ಕೆ ಇರುತ್ತೆ. ತಮಾಷೆಗೆ ಒಂದ್ಸಲ ಲೆಕ್ಕ ಹಾಕಿದ್ದೆ, 0.9 ಮಿಲಿಮೀಟರ್ ಪಂಚಲ್ಲಿ 2,500 ಸುತ್ತು ಕತ್ತರಿಸಿದ್ರೆ, ಆ ಎಲ್ಲಾ ವೃತ್ತಗಳನ್ನ ಬಿಡಿಸಿ ಉದ್ದಕ್ಕೆ ಜೋಡಿಸಿದ್ರೆ 7 ಮೀಟರ್ ಆಗುತ್ತೆ! ಚದುರಿ ಹೋಗಿರೋದ್ರಿಂದ ಕಣ್ಣಿಗೆ ಕಾಣಲ್ಲ, ತಲೆ ಸಣ್ಣಗೆ ಕತ್ತರಿಸಿದ್ರೂ ತಕ್ಷಣ ಗೊತ್ತಾಗಲ್ಲ, ಅದೇ ಇದರ ಲಾಭ. ಆದ್ರೆ ಒಂದೇ ಜಾಗದಲ್ಲಿ ಹತ್ರ ಹತ್ರ ಕಿತ್ತುಬಿಟ್ರೆ ತಲೆ ಹಿಂದೆ ಇಲಿ ಕಡಿದ ಬಟ್ಟೆ ಥರ ಆಗುತ್ತೆ, ಆಗ ಒಂದು ಸಣ್ಣ ಗೆರೆನೇ ಎಷ್ಟೋ ವಾಸಿ ಇತ್ತು ಅನ್ಸುತ್ತೆ.

ಇನ್ನು ಡಿಎಚ್‌ಐ. ಜನಕ್ಕೆ ಇದರ ಬಗ್ಗೆ ಇರೋಷ್ಟು ಗೊಂದಲ ಇನ್ಯಾವುದ್ರಲ್ಲೂ ಇಲ್ಲ. ಹಿಂದಿನಿಂದ ಕೂದ್ಲು ಕೀಳೋದು ಇದ್ರಲ್ಲೂ ಎಫ್‌ಯುಇನೇ, ಅದೇ ಪಂಚು, ಅದೇ ಚುಕ್ಕೆ. ಬದ್ಲಾಗೋದು ನೆಡೋ ರೀತಿ ಮಾತ್ರ. ಮಾಮೂಲಿ ವಿಧಾನದಲ್ಲಿ ಡಾಕ್ಟ್ರು ಮೊದ್ಲು ಬ್ಲೇಡಿಂದ ಸಣ್ಣ ಸಣ್ಣ ಸೀಳು ಮಾಡ್ತಾ ಹೋಗ್ತಾರೆ, ಆಮೇಲೆ ಟೆಕ್ನಿಷಿಯನ್ನುಗಳು ಚಿಮಟದಲ್ಲಿ ಗ್ರಾಫ್ಟು ಕೂರಿಸ್ತಾರೆ. ಇಲ್ಲಿ ಸೂಜಿ ಮೊನೆ ಇರೋ ಪೆನ್ನೊಳಗೆ ಗ್ರಾಫ್ಟು ತುಂಬ್ಸಿ, ಚುಚ್ಚಿ, ಗುಂಡಿ ಒತ್ತಿ ಒಳಗೆ ಬಿಡ್ತಾರೆ, ತೂತು ಮಾಡೋದು ನೆಡೋದು ಒಟ್ಟಿಗೇ ಆಗೋಗುತ್ತೆ. ಒಂದು ಪೆನ್ನಿಂದ ಚುಚ್ತಾ ಇರೋವಾಗ ಪಕ್ಕದಲ್ಲಿ ಇಬ್ಬರು ಮೂವರು ಕೂತು ಬೇರೆ ಪೆನ್ನುಗಳಿಗೆ ತುಂಬಿಸ್ತಾನೇ ಇರ್ಬೇಕು. ಕೈ ಜಾಸ್ತಿ, ಸಮಯ ಜಾಸ್ತಿ, ಸೂಜಿ ಖರ್ಚು ಬೇರೆ. ರೇಟು ಏರೋದು ಇದಕ್ಕೆ.

ಲೇಟೆಸ್ಟು ಅನ್ನೋ ಮಾತಿಗೆ ನಗು ಬರುತ್ತೆ. ಈ ಪೆನ್ನಿನ ಬಗ್ಗೆ ಕೊರಿಯಾದ ಚೋಯ್ ಮತ್ತೆ ಅವರ ಜೊತೆಗಾರರು ಬರೆದಿದ್ದು 1992ರಲ್ಲಿ. ಎಫ್‌ಯುಇ ಬಗ್ಗೆ ರಾಸ್‌ಮನ್ ಮತ್ತೆ ಅವರ ತಂಡ ಪ್ರಬಂಧ ಪ್ರಕಟಿಸಿದ್ದು 2002ರಲ್ಲಿ. ಅಂದ್ರೆ ಪೆನ್ನು ಹತ್ತು ವರ್ಷ ಹಳೇದು! ಹಾಗಂತ ಪೆನ್ನು ಕೆಟ್ಟದ್ದು ಅಂತಲ್ಲ. ಇರೋ ಕೂದ್ಲಿನ ಮಧ್ಯೆ ಮಧ್ಯೆ ತುಂಬಿಸ್ಬೇಕಾದಾಗ, ಹಣೆ ಅಂಚಲ್ಲಿ ಕೋನ ನಾಜೂಕಾಗಿ ಹಿಡೀಬೇಕಾದಾಗ ಅದು ಒಳ್ಳೆ ಸಾಧನ, ನಾನೂ ಬಳಸ್ತೀನಿ. ಆದ್ರೆ ಪಳಗಿದ ಕೈಯಲ್ಲಿ ಚಿಮಟ ಆದ್ರೂ ಸರಿ ಪೆನ್ನಾದ್ರೂ ಸರಿ, ವರ್ಷ ಆದ್ಮೇಲೆ ಎರಡು ತಲೆ ಪಕ್ಕ ಪಕ್ಕ ನಿಲ್ಸಿದ್ರೆ ಯಾವ್ದು ಯಾವ್ದು ಅಂತ ನಂಗೂ ಹೇಳೋಕಾಗಲ್ಲ. ಮುಂದೆ ಪೂರ್ತಿ ಖಾಲಿ ಇರೋ ಜಾಗಕ್ಕೆ ಪೆನ್ನಿನ ಹೆಸರಲ್ಲಿ ಒಂದೂವರೆ ಪಟ್ಟು ಕೊಡೋ ಅಗತ್ಯ ನಂಗೆ ಕಾಣಲ್ಲ.

ಸಫೈರ್ ಅಂತ ಇನ್ನೊಂದು ಹೆಸರು ಕೇಳಿರ್ತೀರ. ಸೀಳು ಮಾಡೋ ಬ್ಲೇಡಿನ ಮೊನೆ ಸ್ಟೀಲ್ ಬದ್ಲು ನೀಲಮಣಿ ಹರಳಿಂದು, ಅಷ್ಟೇ. ಇನ್ನು ಈ ಕೆಲಸ ಮಾಡೋ ರೋಬೋಟು, ಅದು 2011ರಲ್ಲಿ ಅಮೆರಿಕದ ಔಷಧಿ-ಉಪಕರಣ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಪಡೀತು, ಮುಖ್ಯವಾಗಿ ಕೀಳೋ ಕೆಲಸಕ್ಕೆ. ಕೈ ದಣಿಯೋದು ತಪ್ಪುತ್ತೆ ನಿಜ, ಆದ್ರೆ ಆ ಮೆಷಿನ್ ಬೆಲೆ ನಿಮ್ಮ ಬಿಲ್ಲಲ್ಲೇ ಬರುತ್ತೆ, ಅದರಿಂದ ಕೂದ್ಲೇನೂ ಜಾಸ್ತಿ ಬೆಳೆಯಲ್ಲ. ಪಿಆರ್‌ಪಿ ಅಂದ್ರೆ ನಿಮ್ಮದೇ ರಕ್ತ ತಿರುಗ್ಸಿ ಪ್ಲೇಟ್‌ಲೆಟ್ ಇರೋ ಭಾಗ ತೆಗೆದು ತಲೆಗೆ ಚುಚ್ಚೋದು, ಕೆಲವರಿಗೆ ಸ್ವಲ್ಪ ಸಹಾಯ ಆಗ್ಬಹುದು, ಆದ್ರೆ ಅದು ಫ್ರೀ ಅನ್ನೋ ಕಾರಣಕ್ಕೆ ಆಪರೇಷನ್ ಎಲ್ಲಿ ಮಾಡಿಸ್ಬೇಕು ಅಂತ ನಿರ್ಧಾರ ಮಾಡೋದು ಮೂಗಿಗಿಂತ ಮೂಗುತಿ ಭಾರ ಅಂದ ಹಾಗೆ. ಇನ್ನು ಸ್ಟೆಮ್‌ಸೆಲ್ ಟ್ರಾನ್ಸ್‌ಪ್ಲಾಂಟ್ ಅಂತ ಯಾರಾದ್ರೂ ಹೇಳಿದ್ರೆ ಎದ್ದು ಬನ್ನಿ, ಹೊಸ ಕೂದಲ ಬೇರು ಸೃಷ್ಟಿ ಮಾಡಿ ಕೊಡೋ ಚಿಕಿತ್ಸೆ ಇವತ್ತಿಗೆ ಯಾವ ಕ್ಲಿನಿಕ್ಕಲ್ಲೂ ಇಲ್ಲ.

ಈ ಸೃಷ್ಟಿ ಮಾಡೋಕಾಗಲ್ಲ ಅನ್ನೋದೇ ಇಡೀ ಲೆಕ್ಕದ ಬುಡ, ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಗಂಡಸರಲ್ಲಿ ಬೋಳಾಗೋದು ಡಿಎಚ್‌ಟಿ ಅನ್ನೋ ಹಾರ್ಮೋನಿಗೆ ಮುಂದಿನ ಮತ್ತೆ ನೆತ್ತಿ ಭಾಗದ ಬೇರುಗಳು ಸೊರಗಿ ಹೋಗೋದ್ರಿಂದ. ಕಿವಿ ಮೇಲಿಂದ ತಲೆ ಹಿಂದೆ ಸುತ್ತೋ ಪಟ್ಟಿಯಲ್ಲಿರೋ ಬೇರುಗಳಿಗೆ ಅದು ಅಷ್ಟಾಗಿ ತಾಗಲ್ಲ. ಆ ಬೇರನ್ನ ತಂದು ಮುಂದೆ ನೆಟ್ರೂ ಅದು ತನ್ನ ಹಿಂದಿನ ಗುಣನೇ ಉಳಿಸ್ಕೊಳ್ಳುತ್ತೆ, 1950ರ ದಶಕದಲ್ಲಿ ನ್ಯೂಯಾರ್ಕಿನ ಡಾಕ್ಟರ್ ಓರೆಂಟ್ರೈಕ್ ತೋರಿಸ್ಕೊಟ್ಟಿದ್ದು ಇದನ್ನೇ, ಈ ಉದ್ಯೋಗ ಪೂರ್ತಿ ನಿಂತಿರೋದೂ ಇದರ ಮೇಲೇ. ಆದ್ರೆ ನಾವು ಮಾಡೋದು ಜಾಗ ಬದ್ಲಾಯಿಸೋದು ಮಾತ್ರ. ಸಸಿ ಮಡಿಯಿಂದ ಪೈರು ಕಿತ್ತು ಗದ್ದೆಗೆ ನಾಟಿ ಮಾಡೋ ಹಾಗೆ, ವ್ಯತ್ಯಾಸ ಏನು ಅಂದ್ರೆ ಈ ಮಡಿಯಲ್ಲಿ ಇನ್ನೊಂದ್ಸಲ ಬೀಜ ಹಾಕೋಕಾಗಲ್ಲ. ಸಾಮಾನ್ಯವಾಗಿ ಒಬ್ಬರ ಜೀವಮಾನಕ್ಕೆ ಹಿಂದಿನಿಂದ ಸುರಕ್ಷಿತವಾಗಿ ತೆಗೆಯೋಕಾಗೋದು ಸುಮಾರು 6,000 ಗ್ರಾಫ್ಟು, ಕೆಲವರಿಗೆ 4,000 ಅಷ್ಟೇ, ಅದೃಷ್ಟ ಇದ್ರೆ 8,000. ಅದಕ್ಕಿಂತ ಜಾಸ್ತಿ ತೆಗೆದ್ರೆ ಹಿಂಭಾಗನೇ ತೆಳ್ಳಗೆ ಕಾಣುತ್ತೆ.

ಹಾಗಾಗಿ ಟ್ರಾನ್ಸ್‌ಪ್ಲಾಂಟಿಗೆ ನೀವು ಎರಡು ಥರದ ದುಡ್ಡು ಕೊಡ್ತೀರ. ಒಂದು ಜೇಬಿಂದು. ಇನ್ನೊಂದು ತಲೆ ಹಿಂದೆ ಕೂಡಿಟ್ಟಿರೋ ಕೂದಲಿನ ಗಂಟು. ಜೇಬಿನದ್ದು ಹೋದ್ರೆ ದುಡ್ಕೋಬಹುದು.

ಈಗ ಆ 75ರ ಪ್ಯಾಕೇಜಿಗೆ ಬರೋಣ. ಎಂಟು ಗಂಟೆ ಕೆಲಸ ಅಂತಿಟ್ಕೊಳ್ಳಿ, ಅರ್ಧ ಕೀಳೋಕೆ, ಅರ್ಧ ನೆಡೋಕೆ. ನಾಲ್ಕು ಗಂಟೆ ಅಂದ್ರೆ 14,400 ಸೆಕೆಂಡು. 5,000 ಗ್ರಾಫ್ಟಿಗೆ ಹಂಚಿದ್ರೆ ಒಂದೊಂದಕ್ಕೆ ಮೂರು ಸೆಕೆಂಡು ಕೂಡ ಸಿಗಲ್ಲ. ಇಬ್ಬರು ಮೂವರು ಸೇರಿ ಕಿತ್ರೂ, ಕೋನ ನೋಡಿ, ಕತ್ತರಿಸಿ, ಬೇರು ತುಂಡಾಗಿದೆಯಾ ಅಂತ ನೋಡಿ, ತಣ್ಣಗಿನ ದ್ರಾವಣದಲ್ಲಿ ಇಟ್ಟು, ಎಣಿಸಿ, ಎಲ್ಲಾ ಸರಿಯಾಗಿ ಮಾಡೋಕೆ ಆಗುತ್ತಾ? ಆಗಲ್ಲ. ಏನಾಗುತ್ತೆ ಅಂದ್ರೆ, ಒಂದು, ನಿಜವಾಗಿ 5,000 ತೆಗೆಯಲ್ಲ, ಎಣಿಕೆ ಬರೀ ಬಾಯಲ್ಲಿ. ಎರಡು, ಒಂದೇ ಗೊಂಚಲನ್ನ ಸೀಳಿ ಎರಡು ಗ್ರಾಫ್ಟು ಅಂತ ಲೆಕ್ಕ ತೋರಿಸ್ತಾರೆ. ಮೂರು, ನಿಜವಾಗ್ಲೂ ತೆಗೆದೇಬಿಡ್ತಾರೆ, ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನೊಂದು ಲೆಕ್ಕ ಮಾಡಿ ತೋರಿಸ್ತೀನಿ, ಇದು ಊಹೆಯ ಲೆಕ್ಕ, ಆದ್ರೆ ಇಂಥವು ನಾನು ಎಷ್ಟೋ ನೋಡಿದೀನಿ. ಎರಡನೆಯವರು 2,500 ನೆಟ್ಟು ನೂರಕ್ಕೆ ತೊಂಬತ್ತು ಬದುಕ್ತು ಅಂತಿಟ್ಕೊಳ್ಳಿ, ನಿಮಗೆ ಬೆಳೆದಿದ್ದು 2,250. ಪ್ಯಾಕೇಜಿನವರು 5,000 ಅಂತ ಹೇಳಿ 3,500 ಕಿತ್ತು, ಅರ್ಧ ಬದುಕ್ತು, ಬೆಳೆದಿದ್ದು 1,750. ಬೆಳೆದ ನೂರಕ್ಕೆ ಎಷ್ಟು ಬಿತ್ತು ನೋಡಿ: ಎರಡನೆಯವರದ್ದು 6.2, ಪ್ಯಾಕೇಜಿಂದು 4.3. ದುಡ್ಡಿನ ಲೆಕ್ಕದಲ್ಲಿ ಪ್ಯಾಕೇಜು ಇನ್ನೂ ಅಗ್ಗನೇ! ನಾನು ಇದನ್ನ ಮುಚ್ಚಿಡಲ್ಲ. ಅಗ್ಗದ್ದು ಕೊನೆಗೆ ದುಬಾರಿ ಆಗುತ್ತೆ ಅಂತ ಸುಮ್ಮನೆ ಹೇಳ್ತಾರೆ, ಬಿಲ್ಲು ನೋಡಿದ್ರೆ ಹಾಗೇನೂ ಇರಲ್ಲ, ಜನ ಮೋಸ ಹೋಗೋದೂ ಅದಕ್ಕೇ. ಆದ್ರೆ ಗಂಟು ನೋಡಿ. ನಿಮ್ಮತ್ರ 6,000 ಇತ್ತು ಅಂತಾದ್ರೆ ಎರಡನೆಯವರ ಹತ್ರ ಮಾಡಿಸಿದ್ಮೇಲೆ 3,500 ಉಳಿದಿರುತ್ತೆ, ಪ್ಯಾಕೇಜಲ್ಲಿ 2,500 ಉಳಿದಿರುತ್ತೆ, ಮುಂದೆ ಬೆಳೆದಿರೋದೂ ಕಮ್ಮಿ, ಸತ್ತ 1,750 ಆನೆ ಕೊಟ್ರೂ ವಾಪಸ್ ಬರಲ್ಲ. ಅಪ್ಪಂಗೆ ಪೂರ್ತಿ ಹೋಗಿದೆ ಅಂತ ಬರ್ದಿದೀರ, ನಿಮಗೆ ಇನ್ನೂ 31. ನೆತ್ತಿ ಮೇಲಿನ ಬೋಳು ಮುಂದೆ ದೊಡ್ಡದಾಗೋ ಸಾಧ್ಯತೆ ಜಾಸ್ತಿ ಇದೆ, ಆ ಹೊತ್ತಿಗೆ ಗಂಟಲ್ಲಿ ಏನಾದ್ರೂ ಇರ್ಬೇಕಲ್ಲ.

ಹೋದ ವರ್ಷ ಒಬ್ಬರು ಬಂದಿದ್ರು, ಬೇರೆ ಒಂದು ಕಡೆ ಇಂಥದ್ದೇ ಪ್ಯಾಕೇಜ್ ಮಾಡಿಸ್ಕೊಂಡು. ಡಾಕ್ಟ್ರು ಮುಖ ತೋರಿಸಿದ್ದು ಹೇರ್‌ಲೈನ್ ಗೆರೆ ಎಳೆಯೋವಾಗ ಮಾತ್ರ, ಮಿಕ್ಕಿದ್ದೆಲ್ಲಾ ಮಾಡಿದ್ದು ಯಾರು ಅಂತ ಅವರಿಗೆ ಗೊತ್ತೇ ಇಲ್ಲ. ಮುಂದೆ ಕೂದ್ಲು ಬಂದಿದೆ, ಆದ್ರೆ ಹಣೆ ಅಂಚಿಗೆ ಮೂರು ಕೂದಲಿನ ದಪ್ಪ ಗೊಂಚಲು ನೆಟ್ಟು ಪೊರಕೆ ಕಡ್ಡಿ ಥರ ನಿಂತಿತ್ತು. ಅಂಚಿಗೆ ಒಂಟಿ ಕೂದಲಿನ ಗ್ರಾಫ್ಟೇ ನೆಡ್ಬೇಕು, ಅದು ಈ ಕೆಲಸದ ಅ ಆ ಇ ಈ. ಸರಿ ಮಾಡ್ಬೇಕು ಅಂದ್ರೆ ಅವನ್ನ ಕಿತ್ತು ಮತ್ತೆ ನೆಡ್ಬೇಕು, ಹಿಂದೆ ನೋಡಿದ್ರೆ ತೆಗೆಯೋಕೆ ಏನೂ ಉಳಿದಿಲ್ಲ. ಗಡ್ಡದಿಂದ ಒಂದಿಷ್ಟು ತೆಗೆದು ತುಂಬಿಸಿದ್ವಿ. ಗಡ್ಡದ್ದು ದಪ್ಪ ಕೂದ್ಲು, ಕೀಳೋದೂ ನಿಧಾನ, ಪ್ರತಿ ಗ್ರಾಫ್ಟಿಗೆ ಮಾಮೂಲಿಗಿಂತ ಜಾಸ್ತಿನೇ ಬೀಳುತ್ತೆ.

ನಾನೇನೂ ತಪ್ಪು ಮಾಡೇ ಇಲ್ಲ ಅಂತಲ್ಲ. ಶುರುವಿನ ವರ್ಷಗಳಲ್ಲಿ 24ರ ಹುಡುಗನೊಬ್ಬ ಬಂದು ಕಾಲೇಜ್ ದಿನಗಳಲ್ಲಿ ಇದ್ದ ಹಾಗೇ ಹಣೆ ಬೇಕು ಅಂತ ಹಟ ಹಿಡಿದ, ಕೆಳಗೇ ಗೆರೆ ಹಾಕಿ ಕೊಟ್ಟೆ. ಆರು ವರ್ಷ ಆದ್ಮೇಲೆ ನೆಟ್ಟಿದ್ದ ಮುಂದಿನ ಸಾಲು ಹಾಗೇ ನಿಂತಿದೆ, ಅದರ ಹಿಂದೆ ಅವನದ್ದೇ ಸ್ವಂತ ಕೂದ್ಲು ಉದುರಿ ಖಾಲಿ ಮೈದಾನ ಆಗಿದೆ. ಈಗ 25ರೊಳಗಿನವರು ಬಂದ್ರೆ ಔಷಧಿ ಕೊಟ್ಟು ಕಳಿಸ್ತೀನಿ, ಬೈಕೊಂಡು ಹೋಗ್ತಾರೆ, ಹೋಗ್ಲಿ.

ಅಗ್ಗದ ಜಾಗದಲ್ಲಿ ಇನ್ನೊಂದು ವಿಷಯ ಯಾರೂ ಕೇಳಲ್ಲ, ಮರಗಟ್ಟಿಸೋ ಔಷಧಿಯ ಲೆಕ್ಕ. ಲಿಡೋಕೇನಿಗೆ ಮಿತಿ ಇದೆ, ಅಡ್ರಿನಾಲಿನ್ ಜೊತೆ ಕೊಟ್ರೆ ಮೈತೂಕದ ಪ್ರತಿ ಕೆಜಿಗೆ 7 ಮಿಲಿಗ್ರಾಂ, 70 ಕೆಜಿಯವರಿಗೆ 490 ಮಿಲಿಗ್ರಾಂ. ದೊಡ್ಡ ಸೆಷನ್ನಲ್ಲಿ ಮಧ್ಯೆ ಮಧ್ಯೆ ಮತ್ತೆ ಮತ್ತೆ ಚುಚ್ತಾ ಹೋಗ್ಬೇಕಾಗುತ್ತೆ, ಒಟ್ಟು ಎಷ್ಟಾಯ್ತು ಅಂತ ಬರೆದಿಡೋರು ಬೇಕು. ಮಿತಿ ಮೀರಿದ್ರೆ ಫಿಟ್ಸ್ ಬರ್ಬಹುದು, ಎದೆ ಬಡಿತ ತಪ್ಪಬಹುದು. ಅಪರೂಪ, ಆದ್ರೆ ಆಗ ಪಕ್ಕದಲ್ಲಿ ಸಂಭಾಳಿಸೋಕೆ ಗೊತ್ತಿರೋ ಡಾಕ್ಟ್ರು ಇರ್ಲೇಬೇಕು. ಕೂದ್ಲು ಹೋದ್ರೆ ಹೋಗ್ಲಿ ಬಿಡಿ, ಇದು ಜೀವದ ಪ್ರಶ್ನೆ. ಲೈಸೆನ್ಸ್ ಇಲ್ಲದವರು ಆಪರೇಷನ್ ಮಾಡೋದ್ರ ವಿರುದ್ಧ ಈ ಕ್ಷೇತ್ರದ ಅಂತರರಾಷ್ಟ್ರೀಯ ಸಂಘ ಐಎಸ್‌ಎಚ್‌ಆರ್‌ಎಸ್ ಪ್ರಚಾರನೇ ನಡೆಸ್ತಾ ಇದೆ, ಸಮಸ್ಯೆ ಅಷ್ಟು ದೊಡ್ಡದಿದೆ.

ನಿಮಗೆ ಎಷ್ಟು ಗ್ರಾಫ್ಟು ಬೇಕು ಅನ್ನೋದು ನೋಡದೇ ಹೇಳ್ಬಾರ್ದು, ಆದ್ರೂ ಲೆಕ್ಕದ ದಾರಿ ಹೇಳ್ತೀನಿ, ನೀವೇ ಅವರನ್ನ ಪರೀಕ್ಷೆ ಮಾಡ್ಬಹುದು. ಮುಂದೆ ಖಾಲಿ ಜಾಗ ಎಷ್ಟು ಚದರ ಸೆಂಟಿಮೀಟರು ಅಂತ ಅಳೀರಿ, ನಿಮ್ಮ ವಿವರ ನೋಡಿದ್ರೆ 60ರ ಆಸುಪಾಸು ಇರ್ಬಹುದು. ಒಂದು ಚದರ ಸೆಂಟಿಮೀಟರಿಗೆ 35ರಿಂದ 45 ಗ್ರಾಫ್ಟು ನೆಟ್ರೆ ಚೆನ್ನಾಗಿ ಕಾಣುತ್ತೆ, ಮೊದಲಿದ್ದಷ್ಟು ದಟ್ಟ ಬೇಕಾಗಲ್ಲ, ಯಾಕಂದ್ರೆ ಅರ್ಧದಷ್ಟು ಉದುರೋವರೆಗೂ ಕಣ್ಣಿಗೆ ತೆಳ್ಳಗೆ ಅನ್ಸೋದೇ ಇಲ್ಲ. 60 ಗುಣಿಸು 40, 2,400. ಮೊದಲ ಇಬ್ಬರೂ 2,500 ಅಂದಿದಾರೆ ಅಂದ್ರೆ ಅಳೆದೇ ಹೇಳಿರೋ ಸಾಧ್ಯತೆ ಇದೆ. 5,000 ಅಂದವರು ಎಲ್ಲಿ ನೆಡ್ತಾರೆ ಅಂತ ಕೇಳಿ. ಪೂರ್ತಿ ನೆತ್ತಿಗೂ ಸೇರಿಸಿ ಅಂದ್ರೆ, ಇನ್ನೂ ಉದುರ್ತಾ ಇರೋ ನೆತ್ತಿಗೆ ಈಗಲೇ ಗಂಟು ಖಾಲಿ ಮಾಡೋದು ಬೇಡ.

ಇನ್ನು ಬಿಲ್ಲಲ್ಲಿ ಇಲ್ಲದ ಖರ್ಚುಗಳಿವೆ. ಮೊದ್ಲು ರಕ್ತ ಪರೀಕ್ಷೆ, ಸಕ್ಕರೆ, ಹೆಪಟೈಟಿಸ್, ಎಚ್‌ಐವಿ. ಆಮೇಲೆ ರಜೆ, ವಾರದಿಂದ ಹತ್ತು ದಿನ, ಎಫ್‌ಯುಇಗೆ ತಲೆ ಬೋಳಿಸ್ತಾರೆ ಹಾಗಾಗಿ ಮುಚ್ಚಿಡೋಕೂ ಆಗಲ್ಲ. ಬೋಳಿಸದೇ ಉದ್ದ ಕೂದಲಲ್ಲೇ ಮಾಡಿ ಅಂದ್ರೆ ಮಾಡ್ತಾರೆ, ತುಂಬಾ ನಿಧಾನ, ರೇಟು ಇನ್ನೂ ಏರುತ್ತೆ. ಇದು ಸೌಂದರ್ಯದ ಆಪರೇಷನ್ ಆದ್ರಿಂದ ಇನ್ಶೂರೆನ್ಸ್ ಸಾಮಾನ್ಯವಾಗಿ ಕೊಡಲ್ಲ. ಎಲ್ಲಕ್ಕಿಂತ ದೊಡ್ಡದು ಔಷಧಿ. ನೆಟ್ಟ ಕೂದ್ಲು ಉಳಿಯುತ್ತೆ, ಆದ್ರೆ ನೆಡದ ನಿಮ್ಮ ಹಳೇ ಕೂದ್ಲು ಉದುರ್ತಾನೇ ಹೋಗುತ್ತೆ, ಅದನ್ನ ಹಿಡಿದಿಡೋಕೆ ಮಿನಾಕ್ಸಿಡಿಲ್, ಫಿನಾಸ್ಟರೈಡ್ ವರ್ಷಗಟ್ಟಲೆ ಬೇಕು. ನೀವು ಮೂರು ತಿಂಗಳಿಗೆ ಬಿಟ್ಟಿದ್ದು ತಪ್ಪು ಮಾಡಿದ್ರಿ, ಮಿನಾಕ್ಸಿಡಿಲ್ ಕೆಲಸ ಮಾಡ್ತಿದೆಯಾ ಅಂತ ಗೊತ್ತಾಗೋಕೇ ನಾಲ್ಕರಿಂದ ಆರು ತಿಂಗಳು ಬೇಕು, ಶುರುವಲ್ಲಿ ಜಾಸ್ತಿ ಉದುರೋದೂ ಮಾಮೂಲಿ. ಫಿನಾಸ್ಟರೈಡ್ 1 ಮಿಲಿಗ್ರಾಂ ಮಾತ್ರೆ ಡಾಕ್ಟ್ರು ಬರೆದುಕೊಟ್ರೆ ಮಾತ್ರ ತಗೊಳ್ಳಿ. ನೂರರಲ್ಲಿ ಕೆಲವರಿಗೆ ಲೈಂಗಿಕ ಆಸಕ್ತಿ ಕಮ್ಮಿ ಆಗುತ್ತೆ, ಕೆಲವರಿಗೆ ಮನಸ್ಸು ಕುಗ್ಗುತ್ತೆ, ವೀರ್ಯದ ಎಣಿಕೆ ಮೇಲೂ ಪರಿಣಾಮ ಆಗ್ಬಹುದು. ಮದುವೆ ಆಗ್ತಾ ಇದೀರ, ಮಗುವಿನ ಯೋಚನೆ ಇದ್ರೆ ಅದನ್ನ ಮುಚ್ಚುಮರೆ ಇಲ್ಲದೆ ಡಾಕ್ಟ್ರಿಗೆ ಹೇಳಿ. ಗರ್ಭಿಣಿಯರು ಆ ಮಾತ್ರೆಯ ಪುಡಿ ಮುಟ್ಟಲೇಬಾರ್ದು.

ಹಾಗಾದ್ರೆ ನೀವೇನು ಮಾಡ್ಬೇಕು? ನನ್ನ ಅಭಿಪ್ರಾಯ ಕೇಳಿದ್ರೆ ಮೂರನೇದು, ನಾಲ್ಕನೇದು ಎರಡೂ ಬಿಡಿ. ಮೊದಲನೇದು ಎರಡನೇದರ ನಡುವೆ ಆರಿಸೋದು ದುಡ್ಡಿಗಿಂತ ನೀವು ಕೂದ್ಲು ಎಷ್ಟು ಉದ್ದ ಬಿಡ್ತೀರ ಅನ್ನೋದ್ರ ಮೇಲೆ ನಿಂತಿದೆ. ಸಣ್ಣಗೆ ಕತ್ತರಿಸ್ಕೊಳ್ಳೋ ಯೋಚನೆ ಯಾವತ್ತಾದ್ರೂ ಇದ್ರೆ ಎಫ್‌ಯುಇ. ಯಾವಾಗ್ಲೂ ಸ್ವಲ್ಪ ಉದ್ದ ಇರುತ್ತೆ ಅಂದ್ರೆ ನಿಮ್ಮಂಥವರಿಗೆ, ಅಂದ್ರೆ ಮುಂದಿನ ವರ್ಷಗಳಲ್ಲಿ ಕೂದ್ಲು ಪೂರ್ತಿ ಹೋಗೋ ಸಾಧ್ಯತೆ ಇರೋರಿಗೆ, ಮೊದ್ಲು ಎಫ್‌ಯುಟಿ ಮಾಡಿ ಮುಂದೆ ಬೇಕಾದಾಗ ಎಫ್‌ಯುಇ ಮಾಡಿದ್ರೆ ಒಟ್ಟಾರೆ ಜಾಸ್ತಿ ಗ್ರಾಫ್ಟು ಸಿಗುತ್ತೆ. ಕುಯ್ತಾರೆ ಅನ್ನೋ ಭಯ ಸಹಜ, ಆದ್ರೆ ಮರಗಟ್ಟಿಸಿರೋದ್ರಿಂದ ಎರಡರಲ್ಲೂ ಆಪರೇಷನ್ ಹೊತ್ತಲ್ಲಿ ನೋವು ಇರೋದು ಮುಖ್ಯವಾಗಿ ಶುರುವಿನ ಚುಚ್ಚುಮದ್ದುಗಳಿಗೆ. ಇಬ್ಬರ ಹತ್ರನೂ ಹೋಗಿ ಕೇಳಿ, ಕೀಳೋದು ಯಾರು, ಸೀಳು ಮಾಡೋದು ಯಾರು, ಅವತ್ತು ಆ ಡಾಕ್ಟ್ರು ಇನ್ನೆಷ್ಟು ಜನಕ್ಕೆ ಮಾಡ್ತಾರೆ, ಒಂಟಿ, ಎರಡು, ಮೂರು ಕೂದಲಿನ ಗ್ರಾಫ್ಟು ಎಷ್ಟೆಷ್ಟು ಅಂತ ಬರೆದು ಕೊಡ್ತಾರಾ, ಬೆಳೆಯದೇ ಇದ್ರೆ ಏನು ಮಾಡ್ತಾರೆ. ಫೋಟೋ ತೋರಿಸಿದ್ರೆ ಕೂದ್ಲು ಒದ್ದೆ ಮಾಡಿ ಬಾಚಿದ ಫೋಟೋ ಕೇಳಿ, ತಲೆ ಹಿಂಭಾಗದ್ದೂ ಕೇಳಿ. ಹಿಂಭಾಗದ ಫೋಟೋ ಯಾರೂ ತಾವಾಗೇ ತೋರಿಸಲ್ಲ.

ಕೊನೇದಾಗಿ ಮದುವೆ. ನಾಳೆನೇ ಮಾಡಿಸಿದ್ರೂ ಎರಡರಿಂದ ನಾಲ್ಕು ವಾರದಲ್ಲಿ ನೆಟ್ಟ ಕೂದ್ಲೆಲ್ಲಾ ಉದುರುತ್ತೆ, ಬೇರು ಮಾತ್ರ ಒಳಗೆ ಇರುತ್ತೆ, ಗಾಬರಿ ಆಗ್ಬೇಡಿ ಅಂತ ನಾವು ಎಲ್ಲರಿಗೂ ಮೊದಲೇ ಹೇಳಿರ್ತೀವಿ, ಆದ್ರೂ ಫೋನ್ ಮಾಡ್ತಾರೆ. ಪಕ್ಕದಲ್ಲಿರೋ ಹಳೇ ಕೂದ್ಲೂ ಒಂದಿಷ್ಟು ಆ ಆಘಾತಕ್ಕೆ ತಾತ್ಕಾಲಿಕವಾಗಿ ಉದುರ್ಬಹುದು, ಹಾಗಾಗಿ ಎರಡು ಮೂರು ತಿಂಗಳು ಈಗಿರೋದಕ್ಕಿಂತ ಕೆಟ್ಟದಾಗಿ ಕಾಣ್ತೀರ. ಮೂರು ನಾಲ್ಕು ತಿಂಗಳಿಗೆ ಚಿಗುರೋಕೆ ಶುರು, ಆರು ತಿಂಗಳಿಗೆ ಸುಮಾರು ಅರ್ಧ, ಪೂರ್ತಿ ಕಾಣೋಕೆ ವರ್ಷ, ನೆತ್ತಿಗಾದ್ರೆ ಒಂದೂವರೆ ವರ್ಷ. ಈ ತಿಂಗಳೇ ಮಾಡಿಸಿದ್ರೆ ಮದುವೆ ಫೋಟೋಗೆ ಅರೆಬರೆ ಬಂದಿರುತ್ತೆ, ಇನ್ನು ಎರಡು ತಿಂಗಳು ತಡ ಮಾಡಿ ಮಾಡಿಸಿದ್ರೆ ಚಿಗುರು ಮಾತ್ರ. ಅವಸರಕ್ಕೆ ಕ್ಲಿನಿಕ್ ಆರಿಸೋದಕ್ಕಿಂತ, ಈಗಿಂದ ಮಿನಾಕ್ಸಿಡಿಲ್ ಮತ್ತೆ ಶುರು ಮಾಡಿ, ಮದುವೆ ಮುಗಿಸ್ಕೊಂಡು, ಆರು ತಿಂಗಳಲ್ಲಿ ಔಷಧಿ ಎಷ್ಟು ಹಿಡಿದಿಟ್ಟಿದೆ ಅಂತ ನೋಡಿ ಆಮೇಲೆ ಹೋಗಿ. ಆಗ ಬಹುಶಃ 2,500 ಬದ್ಲು 2,000ಕ್ಕೇ ಕೆಲಸ ಆಗ್ಬಹುದು. ಹುಡುಗಿ ನಿಮ್ಮನ್ನ ಈಗಿರೋ ತಲೆ ನೋಡೇ ಒಪ್ಪಿದಾಳಲ್ವಾ?